ಬಸ್ಸಿನ ಮೆಟ್ಟಿಲ ಮೇಲೆ ಕೂತ ಪಿ.ಟಿ. ಮಿಸ್ಸು

ಸಿಟ್ಟು ಬಂದಾಗ ಅವರ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು; ಬಲಹುಬ್ಬು ಇದ್ದಲ್ಲೇ ಇರುತ್ತಿತ್ತು. ಗವಿಪುರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅವರು ನಿವೃತ್ತ ಪಿ.ಟಿ. ಟೀಚರ್, ಇಡೀ ಬೀದಿಗೆ ‘ಮಿಸ್ಸು’. ಫುಟ್‌ಪಾತ್ ಮೇಲೆ ಬೈಕ್ ಹತ್ತಿಸಿದವನನ್ನು ಇಳಿಸಿ, ತಳ್ಳಿಕೊಂಡು ಹೋಗುವಂತೆ ಮಾಡುತ್ತಿದ್ದರು. “ಸಿಟ್ಟು ಬರಬೇಕಾದಾಗ ಬರದೇ ಇದ್ರೆ ಅದೂ ಒಂದು ಕಾಯಿಲೆನೇ ಕಣೇ” ಅನ್ನುವುದು ಅವರ ಮಾತು.

ಒಂದು ಯುಗಾದಿ ರಜೆಗೆ ನಾನು, ಅಮ್ಮ, ಮಿಸ್ಸು ಟೂರಿನವರ ಜೊತೆ ಜೈಸಲ್ಮೇರಿಗೆ ಹೋದೆವು. ಬಿಸಿಲಿಗೆಂದು ಹತ್ತಿ ಸೀರೆ, ಟೋಪಿ ತುಂಬಿಕೊಂಡು ಹೋದರೆ ಅಲ್ಲಿ ಕಪ್ಪು ಮೋಡ, ಕೊರೆಯುವ ಗಾಳಿ. ಮಧ್ಯಾಹ್ನ ಆಲಿಕಲ್ಲು ಬಿತ್ತು. ಉಬ್ಬಸದ ಅಮ್ಮ ಇನ್ಹೇಲರ್ ಕೈಬಿಡಲಿಲ್ಲ. ಆದರೂ ಟೂರ್ ಮ್ಯಾನೇಜರ್ ರಾತ್ರಿ ಕಳೆಯಲು ಎಲ್ಲರನ್ನೂ ಹೋಟೆಲಿನಿಂದ ಮರಳುದಿಬ್ಬದ ಟೆಂಟುಗಳಿಗೆ ಹೊರಡಿಸಿದ.

“ಈ ಗಾಳೀಲಿ ಟೆಂಟ್ ನಿಲ್ಲುತ್ತೇನಪ್ಪಾ?” ಮಿಸ್ಸು ಕೇಳಿದರು.

“ಮೇಡಂ, ಇದು ಮರುಭೂಮಿ. ಮಳೆ ಬಂದ್ರೂ ಹತ್ ನಿಮಿಷ. ಭಯ ಆದ್ರೆ ನೀವು ಇಲ್ಲೇ ಇರಿ.”

ಎಡಹುಬ್ಬು ಏರಿತು. ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ಕೂತೇಬಿಟ್ಟರು. “ಉಸಿರಾಡಕ್ಕೆ ಕಷ್ಟಪಡ್ತಿರೋರ್ನ ಕರ್ಕೊಂಡೋಗಿ ಟೆಂಟಲ್ಲಿ ಮಲಗಿಸ್ತೀಯಾ? ನನ್ನ ತುಳ್ಕೊಂಡು ಯಾರು ಹತ್ತತಾರೋ ನಾನೂ ನೋಡ್ತೀನಿ.”

ಜೊತೆಯವರು ಮ್ಯಾನೇಜರ್ ಮೇಲೆ ರೇಗಲಿಲ್ಲ, ಮಿಸ್ಸಿನ ಮೇಲೆ ರೇಗಿದರು. “ಹಬ್ಬದ ಮಜಾನೇ ಹಾಳ್ಮಾಡಿದ್ರಿ,” “ಇದೇನು ನಿಮ್ ಸ್ಕೂಲ್ ಅನ್ಕೊಂಡ್ರಾ?” ಮಿಸ್ಸು ಕದಲಲಿಲ್ಲ. ಅಷ್ಟರಲ್ಲಿ ಮತ್ತೆ ಮಳೆ ಸುರಿದು ದಾರಿಯೇ ಮುಚ್ಚಿತು; ಎಲ್ಲರೂ ಹೋಟೆಲಿನಲ್ಲೇ ಉಳಿಯಬೇಕಾಯಿತು.

ಬೆಳಿಗ್ಗೆ ಹೋಟೆಲಿನವರು ಸುದ್ದಿ ಹೇಳಿದರು. ದಿಬ್ಬದ ಟೆಂಟುಗಳು ಗಾಳಿಗೆ ಕಿತ್ತುಹೋಗಿದ್ದವು. ಅಲ್ಲಿದ್ದ ಬೇರೆ ತಂಡದ ಒಬ್ಬರ ಮೇಲೆ ಕಂಬ ಬಿದ್ದು ಭುಜ ಮುರಿದಿತ್ತು.

ನಮ್ಮವರು ತಲೆ ತಗ್ಗಿಸಿ ಪೂರಿ ತಿಂದರು. ಒಬ್ಬರೂ ಮಿಸ್ಸಿನ ಟೇಬಲ್ಲಿಗೆ ಬರಲಿಲ್ಲ. ಮ್ಯಾನೇಜರ್ ವಾಟ್ಸಾಪ್ ಗ್ರೂಪಿನಲ್ಲಿ ‘ನಿಮ್ಮ ಸುರಕ್ಷತೆಯೇ ನಮ್ಮ ಧ್ಯೇಯ’ ಎಂದು ಹಾಕಿದ. ಅವನಿಗೆ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮಿಸ್ಸು ಮಾತ್ರ, “ಅದನ್ನ ಬಿಡೇ, ನಿಮ್ಮಮ್ಮಂಗೆ ಬಿಸಿನೀರು ತಗೊಂಡ್ಬಾ” ಅಂದರು.

ಕಳೆದ ವರ್ಷ ಮಿಸ್ಸು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಆ ಬಸ್ಸಿನಲ್ಲಿದ್ದ ದಂಪತಿಯೂ ಬಂದಿದ್ದರು. ಗಂಡ ಎಲೆಯ ಮುಂದೆ ಕೂತು, “ಒಳ್ಳೇ ಹೆಂಗಸು. ಆದ್ರೆ ಕೋಪ ಜಾಸ್ತಿ” ಎಂದರು.

ಯಾರಿಗೂ ಎದುರಾಡದ ನಮ್ಮಮ್ಮ ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟಳು. “ಅವರ ಕೋಪದಿಂದ್ಲೇ ನಾನು ಬದುಕಿದೀನಿ, ನೀವೂ ಇಲ್ಲಿ ಕೂತು ಊಟ ಮಾಡ್ತಿದೀರಿ. ಆ ‘ಆದ್ರೆ’ನ ವಾಪಸ್ ತಗೊಳ್ಳಿ.”

ಅವರು ವಾಪಸ್ ತೆಗೆದುಕೊಳ್ಳುವವರೆಗೂ ಅಮ್ಮ ಪಾಯಸ ಬಡಿಸಲಿಲ್ಲ.