ಪಾಲಿನವನ ವಕಾಲತ್ತು

ಕುಂದಾಪುರದ ನ್ಯಾಯಾಲಯದ ಆವರಣದಲ್ಲಿ ನ್ಯಾಯವಾದಿಗಳಿಗೆ ಎಂದೂ ಬರವಿರಲಿಲ್ಲ. ಆದರೆ ಬೋಟಿನಲ್ಲಿ ಬೆರಳು ಕಳೆದುಕೊಂಡವರು, ಹಂಚಿನ ಕಾರ್ಖಾನೆಯಲ್ಲಿ ಮೈ ಸುಟ್ಟುಕೊಂಡವರು, ಕಲ್ಲುಕೋರೆಯಲ್ಲಿ ಕಾಲು ಮುರಿದುಕೊಂಡವರು ಬಸ್ಸಿನಿಂದಿಳಿದು “ಯಾರನ್ನ ಹಿಡಿಯೂದ್?” ಎಂದು ವಿಚಾರಿಸಿದಾಗ, ಬೈಂದೂರಿನಿಂದ ಬ್ರಹ್ಮಾವರದವರೆಗಿನ ಮೂರು ತಾಲೂಕುಗಳ ಜನ ಕೈತೋರಿಸಿದ್ದು ಒಂದೇ ಕಚೇರಿಯ ಕಡೆಗೆ. ಅದು ಶ್ರೀಮತಿ ಉಮಾವತಿಯವರ ಕಚೇರಿ. ಕಾರ್ಮಿಕ ಪರಿಹಾರದ ಕಾನೂನು ನಮ್ಮ ಕರಾವಳಿಯಲ್ಲಿ ಪುಸ್ತಕದಿಂದ ಎದ್ದುಬಂದು ನಡೆದಾಡಿದ್ದರೆ, ಅದು ಬಹುಮಟ್ಟಿಗೆ ಇವರ ಕಾಲಿನಿಂದ ನಡೆದದ್ದು. ಎಪ್ಪತ್ತು ತುಂಬಿದ ಈ ಹೊತ್ತಿನಲ್ಲಿ ಅವರು ಕರಿಕೋಟನ್ನು ಕಳಚಿಡುತ್ತಿದ್ದಾರೆ. ಅಭಿನಂದನ ಸಮಿತಿಯವರು ತಮ್ಮ ಗ್ರಂಥಕ್ಕಾಗಿ ನನ್ನಿಂದ ಸವಿನೆನಪುಗಳನ್ನು ಬಯಸಿದ್ದಾರೆ. ಸವಿ ಇದೆ, ಆದರೆ ಉಮಾವತಿಯವರ ವಿಷಯದಲ್ಲಿ ಸವಿಯನ್ನಷ್ಟೇ ಬರೆದರೆ ಅರ್ಧ ಸುಳ್ಳಾಗುತ್ತದೆ.

ಬಾರ್ಕೂರಿನ ಗದ್ದೆಮನೆಯಿಂದ ಓದಿ ಬಂದ ಅವರು ವಕೀಲಿಕೆಗೆ ಸೇರಿದ ಕಾಲದಲ್ಲಿ, ಹೆಣ್ಣುಮಗಳಿಗೆ ಜಮೀನಿನ ದಾವೆಯಾಗಲಿ ಕೊಲೆಯ ಖಟ್ಲೆಯಾಗಲಿ ಕೊಡುವವರಿರಲಿಲ್ಲ. ಹಿರಿಯ ವಕೀಲರೊಬ್ಬರು ಪರಿಹಾರದ ಅರ್ಜಿಗಳ ಕಟ್ಟೊಂದನ್ನು ಅವರ ಮುಂದಿಟ್ಟು, “ಬಡವರ ಕೇಸ್ ಇದ್. ಸೋತ್ರೂ ಕೇಂಬೋರಿಲ್ಲೆ, ಕೈ ಪಳಗೂಕೆ ಸಾಕ್” ಎಂದರಂತೆ. ಆ ಒಂದು ಮಾತಿಗೆ ಉತ್ತರವಾಗಿಯೇ ಉಮಾವತಿಯವರು ತಮ್ಮ ಇಡೀ ವೃತ್ತಿಜೀವನವನ್ನು ನಡೆಸಿದರು ಎಂದು ನಾನು ತಿಳಿದಿದ್ದೇನೆ. ಸುಟ್ಟಗಾಯದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ಹಂಚಿನ ಕಾರ್ಖಾನೆಯ ಪದ್ದು ಎಂಬ ಹೆಂಗಸಿಗೆ ಚಮಚದಲ್ಲಿ ಗಂಜಿ ಕುಡಿಸುತ್ತ, ಗುಟುಕಿಗೊಂದರಂತೆ ಪ್ರಶ್ನೆ ಕೇಳಿ ಅವರು ಅರ್ಜಿ ಸಿದ್ಧಪಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರ ಮೇಲೂ ಅಪವಾದ ಬಂತು. ಬಂದರಿನಲ್ಲಿ ಯಾರೋ “ಕೈಕಾಲ್ ಹೋದೋರ್ ಪಾಲ್ ತಿಂಬು ವಕೀಲಮ್ಮ” ಎಂದು ಕೇಳುವಂತೆಯೇ ಆಡಿಕೊಂಡಾಗ ಅವರು ತಿರುಗಿ ನಿಂತು, “ನಾನ್ ಮೀನೇ ತಿಂತಿಲ್ಲೆ ಮಾರಾಯ್ರೆ, ನಿಮ್ ಬಂದ್ರಂಗೆ ನಂಗೆಂತ ಪಾಲ್?” ಎಂದು ಕೇಳಿ, ಆಡಿಕೊಂಡವರನ್ನೇ ನಗಿಸಿ ಬಂದರು.

ನಾನು ಬಸ್ರೂರಿನವಳು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಯ್ಯ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದ ಮನೆಯಲ್ಲಿ ಬೆಳೆದದ್ದರಿಂದ, ಬಾಯಿಗಿಂತ ಕಿವಿಯೇ ನನಗೆ ಹೆಚ್ಚು ಒಗ್ಗಿತ್ತು. ಇಂಥವಳು ವಕೀಲಿಕೆಗೆ ಹೇಗೆ ಆಗುತ್ತಾಳೆಂದು ಮನೆಯವರೇ ಅನುಮಾನಪಟ್ಟಿದ್ದರು. ಉಮಾವತಿಯವರು ಮಾತ್ರ ಮೊದಲ ದಿನವೇ, “ಚೇತನಾ, ಮಾತಾಡೂ ವಕೀಲ್ರ್ ಸುಮಾರ್ ಜನ ಇದ್ರ್. ಕೇಂಬೋರ್ ಒಬ್ರ್ ಇರ್ಲಿ” ಎಂದು ಮೂಲೆಯ ಕುರ್ಚಿ ಕೊಟ್ಟರು. ನವರಾತ್ರಿಯಲ್ಲಿ ದೇವಸ್ಥಾನದ ಕಾವ್ಯವಾಚನಕ್ಕೆ ಹೋಗಬೇಕೆಂದು ಕೇಳಲಾರದೆ ಒದ್ದಾಡುತ್ತಿದ್ದಾಗ, ಕೇಳುವ ಮೊದಲೇ “ಹೋಯ್ ಬಾ, ನಿನ್ ದೇವ್ರ್ ಕಾಯೂದ್ ಬ್ಯಾಡ” ಎಂದು ಕಳುಹಿಸಿದವರೂ ಅವರೇ. ಆ ಕುರ್ಚಿಯಲ್ಲಿ ಕೂತು ಕೇಳಿದ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ. ಏಕೆಂದರೆ ಅದಿನ್ನೂ ಮುಗಿದಿಲ್ಲ.

ಸೋಮ ಎಂಬವರು ಬೋಟಿನಲ್ಲಿ ಬಲೆ ಎಳೆಯುವ ಕೆಲಸದವರು. ಬಲೆಯನ್ನು ಮೇಲೆತ್ತುವ ಯಂತ್ರವಾದ ವಿಂಚಿನ ಹಗ್ಗಕ್ಕೆ ಸಿಕ್ಕಿ ಅವರ ಬಲಗೈ ಮೊಣಕೈಯವರೆಗೆ ಹೋಯಿತು. ನಮ್ಮ ಬಂದರುಗಳ ಪದ್ಧತಿ ಬಲ್ಲವರಿಗೆ ಗೊತ್ತು: ಬೋಟಿನ ಆಳುಗಳಿಗೆ ತಿಂಗಳ ಸಂಬಳವಿಲ್ಲ, ಡೀಸೆಲ್ಲು, ಮಂಜುಗಡ್ಡೆಯ ಖರ್ಚು ಕಳೆದು, ಬೋಟಿನ ಪಾಲೆಂದು ಯಜಮಾನರದ್ದನ್ನು ತೆಗೆದು, ಉಳಿದುದರಲ್ಲಿ ಆಳಿಗಿಷ್ಟು ಪಾಲು. ಹಾಗಾಗಿ ತನ್ನನ್ನು ಯಾರೂ ಕೂಲಿಯವನೆಂದು ಕರೆದುಕೊಳ್ಳುವುದಿಲ್ಲ. ಪಾಲಿನವ ಎಂಬುದು ಕಡಲಿನ ಮಕ್ಕಳ ಮರ್ಯಾದೆ. ಬೋಟಿನ ಯಜಮಾನ ರವಿರಾಜ್ ಆ ಮರ್ಯಾದೆಯನ್ನೇ ಬಲೆಯಾಗಿ ಬೀಸಿದರು. ಆಸ್ಪತ್ರೆಯಿಂದ ಬಂದ ಸೋಮರನ್ನು ದೈವಸ್ಥಾನದ ಅಂಗಳಕ್ಕೆ ಕರೆಸಿ, ಹತ್ತು ಜನರ ಮುಂದೆ, “ಸೋಮ, ನಾನ್ ನಿನ್ನ ಯಾವತ್ತಾರೂ ಕೂಲಿಯವ ಅಂದೇಳಿ ಕಂಡಿದ್ನಾ? ನೀನ್ ಪಾಲಿನವ ಅಲ್ದಾ? ದೈವದ್ ಎದ್ರ್ ಹೇಳ್” ಎಂದರು. ಸೋಮ ಎಡಗೈಯನ್ನು ದೈವದತ್ತ ಚಾಚಿ, “ಹೌದ್, ನಾನ್ ಪಾಲಿನವ” ಎಂದು ಪ್ರಮಾಣ ಮಾಡಿಬಿಟ್ಟರು. ಪಾಲುದಾರನಿಗೆ ಪರಿಹಾರದ ಕಾನೂನು ಇಲ್ಲವೆಂದು ರವಿರಾಜರಿಗೆ ಅವರ ವಕೀಲರು ಮೊದಲೇ ಹೇಳಿಕೊಟ್ಟಿದ್ದರು. ಸೋಮರಿಗೆ ಅದು ತಿಳಿದಿರಲಿಲ್ಲ.

ಕೆಲವು ದಿನಗಳ ತರುವಾಯ ಸೋಮರ ಹೆಂಡತಿ ಬಾಗಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು.

“ಅಮ್ಮಾ, ಎಲ್ಲ ವಕೀಲ್ರ್ ಹತ್ರವೂ ಹೋಯ್ ಬಂದೆ. ದೈವದ್ ಎದ್ರ್ ಪ್ರಮಾಣ ಮಾಡದ್ ಮೇಲೆ ಎಂತ ಮಾಡೂಕೂ ಆತಿಲ್ಲೆ ಅಂದ್ರ್.”

“ನಿನ್ ಗಂಡ ಎಲ್ಲಿ ಹೆಣೆ?”

“ಕೆಳಗ್ ನಿಂತಿದ್ರ್. ವಕೀಲ್ರನ್ನ ಹಿಡ್ದ್ರೆ ದೈವಕ್ಕ್ ಸುಳ್ಳ್ ಹೇಳದಾಂಗ್ ಆತ್ತ್ ಅಂಬ್ರ್. ಕೈ ಹೋಯ್ತ್, ಹಟ ಹೋಯ್ಲಿಲ್ಲೆ.”

“ಹಟ ಇಪ್ಪವ್ರೇ ಬೇಕ್ ನಂಗೆ. ಬಾ, ಕಾಂಬ.”

ಕಕ್ಷಿದಾರರು ಕಚೇರಿಗೆ ಬರುವುದು ರೂಢಿ. ಆ ದಿನ ಕಚೇರಿಯೇ ಕೆಳಗಿಳಿಯಿತು. ಅಂಗಡಿಯೊಂದರ ಜಗಲಿಯಲ್ಲಿ, ಹೋಗಿಬರುವವರೆಲ್ಲ ನೋಡುವಂತೆ, ಉಮಾವತಿಯವರು ಸೋಮರ ಪಕ್ಕದಲ್ಲಿ ಕೂತರು.

“ಹ್ವಾಯ್, ದೈವದ್ ಎದ್ರ್ ಎಂತ ಹೇಳ್ಕಂಡ್ ಬಂದ್ರಿ?”

“ನಾನ್ ಪಾಲಿನವ ಅಂದೆ. ಖರೆ ಅದ್.”

“ಖರೆ ಆರೆ ಕೋರ್ಟಂಗೂ ಅದ್ನೇ ಹೇಳಿ. ಒಂದಕ್ಷರ ಬದ್ಲ್ ಮಾಡೂದ್ ಬ್ಯಾಡ.”

ಸೋಮ ಮೊದಲ ಬಾರಿಗೆ ತಲೆಯೆತ್ತಿದರು. “ಹಾಂಗ್ ಹೇಳ್ರೆ ಸೋತ್ ಹೋತ್ತಲ್ದಾ?”

“ಅದ್ ನನ್ ತಲೆಬಿಸಿ. ನಿಮ್ಮ ಬಾಯಂಗೆ ಸುಳ್ಳ್ ಹೇಳ್ಸಿ ಗೆಲ್ಲೂ ಕೇಸ್ ನಂಗ್ ಬ್ಯಾಡ.”

ಹಾಗೆ ಸೋಮ ವಕೀಲರನ್ನು ಹಿಡಿದರು; ವಕಾಲತ್ತಿಗೆ ಎಡಗೈಯ ಹೆಬ್ಬೆಟ್ಟು ಒತ್ತಿದರು.

ಉಮಾವತಿಯವರದ್ದೊಂದು ವಿಶಿಷ್ಟ ಕ್ರಮವಿತ್ತು. ಗಾಯಗೊಂಡವರು ಯಾರೇ ಬಂದರೂ ಅಪಘಾತದ ಕಥೆಯನ್ನು ಅವರು ಮೊದಲು ಕೇಳುತ್ತಿರಲಿಲ್ಲ. “ಕೈ ಹೋದ್ದ್ ಕಡೀಕ್ ಹೇಳಿ. ಎಂತದೂ ಆಗದೆ ಇದ್ದ ಒಂದ್ ದಿನ ಹೇಳಿ ಮೊದ್ಲ್” ಎನ್ನುತ್ತಿದ್ದರು. ಅಪಘಾತವನ್ನು ಜನ ಬಹಳ ಸಲ ಹೇಳಿ ಹೇಳಿ ನುಣುಪು ಮಾಡಿರುತ್ತಾರೆ, ಮಾಮೂಲು ದಿನವನ್ನು ಯಾರೂ ತಿದ್ದಿರುವುದಿಲ್ಲ ಎಂಬುದು ಅವರ ನಂಬಿಕೆ. ಸೋಮ ಅಂಥದೊಂದು ದಿನವನ್ನು ಬೆಳಗಿನಿಂದ ಹೇಳುತ್ತ ಹೋದರು. ನಾವಿಬ್ಬರೂ ನಡುವೆ ಬಾಯಿಹಾಕದೆ ಕೇಳಿದೆವು.

ವಿಚಾರಣೆಯ ದಿನ ಯಜಮಾನರ ಪರ ವಕೀಲರು ಪಾಟೀಸವಾಲಿಗೆ ಎದ್ದರು.

“ನೀವು ಕೂಲಿಯಾಳೋ, ಪಾಲಿನವರೋ?”

“ಪಾಲಿನವ.”

“ದೈವದ ಎದುರೂ ಹಾಗೆಯೇ ಹೇಳಿದ್ದೀರಿ?”

“ಅಲ್ಲೂ ಹೇಳಿದೆ, ಇಲ್ಲೂ ಹೇಳ್ತೆ.”

ಆ ವಕೀಲರು ನಗುನಗುತ್ತ ಕೂತರು. ಹಿಂದಿನ ಬೆಂಚಿನಲ್ಲಿದ್ದ ರವಿರಾಜರೂ ನಕ್ಕರು. ಬಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜಯ್ಯ ಪದ್ಯದ ಕೊನೆಯ ಸಾಲಿಗೆ ಮೊದಲು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಅಂಥದ್ದೇ ಒಂದು ನಿಲುಗಡೆಯ ನಂತರ ಉಮಾವತಿಯವರು ಮರುಸವಾಲಿಗೆ ಎದ್ದರು.

“ಬೋಟು ಯಾವಾಗ ಕಡಲಿಗಿಳಿಯಬೇಕೆಂದು ಹೇಳುವವರು ಯಾರು?”

“ಓನರ್ ಫೋನ್ ಮಾಡ್ತ್ರ್, ಬೋಟ್ ಬಿಡೂ ತಾಂಡೇಲ ನಮ್ಗ್ ಹೇಳ್ತ್ರ್.”

“ನಿಮಗೆ ಆ ದಿನ ಮನಸ್ಸಿಲ್ಲದಿದ್ದರೆ?”

“ಮನ್ಸಿಲ್ದಿದ್ರೆ ಮನೆಯಂಗ್ ಇಪ್ಪುದ್. ನಾಳಿಂದ ನನ್ ಜಾಗಕ್ಕೆ ಬೇರೆಯವ ಬತ್ತ.”

“ಈ ಬೋಟು ಮೊದಲು ಬೇರೊಬ್ಬರದ್ದಾಗಿತ್ತು. ಮಾರಾಟವಾದದ್ದು ನಿಮಗೆ ಹೇಗೆ ತಿಳಿಯಿತು?”

“ಬಣ್ಣ ಕಂಡ್. ನೀಲಿ ಇದ್ದದ್ದ್ ಕೆಂಪ್ ಆಯ್ತ್. ಯಾರ್ ಬಳ್ದದ್ದ್ ಅಂತ ಕೇಂಡೆ. ಹೊಸ ಓನರ್ ಅಂದ್ರ್.”

ಕೋರ್ಟಿನಲ್ಲಿ ನಗು ಹರಿಯಿತು. ಉಮಾವತಿಯವರು ಅದು ಇಳಿಯುವವರೆಗೆ ಕಾದರು.

“ವಿಂಚಿನ ಮುಚ್ಚಳ ಕಿತ್ತುಹೋಗಿ ಬಹಳ ಕಾಲವಾಗಿತ್ತೆಂದು ಹೇಳಿದ್ದೀರಿ. ಪಾಲಿನವರಾದ ನೀವು ಅದನ್ನೇಕೆ ಸರಿಮಾಡಿಸಲಿಲ್ಲ?”

ಸೋಮ ಪ್ರಶ್ನೆ ಕೇಳಿದವರನ್ನು ಬಿಟ್ಟು ನೇರವಾಗಿ ರವಿರಾಜರನ್ನು ನೋಡಿದರು. “ನಂಗೆ ಮೀನಂಗ್ ಪಾಲ್ ಇತ್ತ್. ಬೋಟಂಗ್ ಇಲ್ಲೆ ಅಮ್ಮಾ.”

ಆಗ ಯಾರೂ ನಗಲಿಲ್ಲ. ಮೀನಿನ ರೂಪದಲ್ಲಿ ಕೊಟ್ಟರೂ ಕೂಲಿ ಕೂಲಿಯೇ. ಬೇಕೆಂದಾಗ ಕರೆದು, ಬೇಡವೆಂದಾಗ ಬಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು ಎಂದು ತೀರ್ಪು ಬಂತು. ಸೋಮ ತೀರ್ಪಿನ ಬಗ್ಗೆ ಕೇಳಿದ್ದು ಒಂದೇ ಮಾತು: “ಹಾಂಗಾರೆ ನನ್ ಪ್ರಮಾಣ ಸುಳ್ಳಾಯ್ತಾ?” ಉಮಾವತಿಯವರು ಹೇಳಿದರು: “ನಿಮ್ದ್ ಸುಳ್ಳಾಯ್ಲಿಲ್ಲೆ. ಆ ಪ್ರಮಾಣ ಹಾಕ್ಸದವ್ರದ್ದ್ ಎಂತಾಯ್ತ್ ಅಂದೇಳಿ ಅವ್ರೇ ದೈವದ್ ಹತ್ರ ಹೋಯ್ ಕೇಣ್ಲಿ.” ದೇವರಲ್ಲಿ ನಂಬಿಕೆಯುಳ್ಳವಳಾಗಿ ಒಂದು ಮಾತನ್ನು ಇಲ್ಲಿ ಬರೆದಿಡುತ್ತೇನೆ. ದೈವದ ಅಂಗಳ ಬಡವನ ಬಾಯಿ ಕಟ್ಟುವ ಜಾಗವಲ್ಲ. ಹಾಗೆಂದು ಬಲ್ಲಿದರ ಮುಖಕ್ಕೆ ಹೇಳಲು ನನಗೆ ಧೈರ್ಯ ಬಂದದ್ದು ದೈವವನ್ನು ಅಷ್ಟಾಗಿ ಪೂಜಿಸದ ಈ ವಕೀಲಮ್ಮನಿಂದ.

ರವಿರಾಜ್ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಿದ್ದಾರೆ. ಉಮಾವತಿಯವರು ನಿವೃತ್ತರಾಗುವ ಸುದ್ದಿ ಹಬ್ಬಿದ್ದೇ ತಡ, ಬಂದರಿನಿಂದ ಸೋಮರ ಮನೆಗೆ ಜನ ಹೋದರು. “ವಕೀಲಮ್ಮ ಕೋಟ್ ಕಳ್ಚಿದ್ರಂಬ್ರ್. ಇನ್ನ್ ನಿಮ್ಗ್ಯಾರಿದ್ರ್? ಕೊಟ್ಟಷ್ಟ್ ತಕಂಡ್ ರಾಜಿ ಆಯ್ಕಣಿ” ಎಂದು ಒತ್ತಾಯಿಸಿದರು. ಮರುದಿನ ಬೆಳಿಗ್ಗೆ ಸೋಮ, ಬಾಗಿ ಇಬ್ಬರೂ ಕಚೇರಿಯಲ್ಲಿದ್ದರು.

“ರಾಜಿಗ್ ಎಂತ ಹೇಳದ್ರಿ?” ಎಂದು ಉಮಾವತಿಯವರು ಕೇಳಿದರು.

ಉತ್ತರ ಕೊಟ್ಟದ್ದು ಬಾಗಿ. “ಇವ್ರ್ ಹೇಳೂಕ್ ಮೊದ್ಲೇ ನಾನ್ ಬಾಗ್ಲ್ ಹಾಕ್ದೆ ಅಮ್ಮಾ. ಆದ್ರೆ ಇನ್ನ್ ಯಾರನ್ನ ಹಿಡಿಯೂದ್?”

ಉಮಾವತಿಯವರು ನನ್ನತ್ತ ಬೆರಳು ತೋರಿಸಿದರು. ಸೋಮ ನನ್ನನ್ನು ಒಂದು ಗಳಿಗೆ ನೋಡಿ, “ಇವ್ರಾ? ಇವ್ರ್ ಮಾತಾಡ್ತ್ರಾ? ಇಷ್ಟ್ ವರ್ಷಂಗೆ ನಾನಿವ್ರ್ ಸ್ವರ ಕೇಂಡದ್ದೇ ಇಲ್ಲೆ” ಎಂದರು.

“ಕೇಂಡದ್ದೆಲ್ಲ ಅವ್ಳ್ ಒಳ್ಗ್ ಇತ್ತ್. ಬಾಯ್ ಬಿಡ್ಲಿ, ಆಗ ಗೊತ್ತಾತ್ತ್” ಎಂದು ಉಮಾವತಿಯವರು ಹೊಸ ವಕಾಲತ್ತನ್ನು ತಾವೇ ಸೋಮರ ಮುಂದಿಟ್ಟರು.

ಆದುದರಿಂದ, ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು ಎಲ್ಲರಂತೆ ನಾನು ಹಾರೈಸಲಾರೆ. ಉಮಾವತಿಯವರು ನೂರು ವಸಂತಗಳನ್ನು ಕಾಣಲಿ. ಮಂಡಿನೋವು ಮಣಿಯಲಿ, ದನಿ ಮಣಿಯದಿರಲಿ. ಬೆಂಗಳೂರಿನಲ್ಲಿ ಮೇಲ್ಮನವಿ ವಿಚಾರಣೆಗೆ ಬರುವ ದಿನ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದು, ನಾನು ಎಡವಿದರೆ ಗೌನು ಹಿಡಿದು ಜಗ್ಗಲಿ. ಕೋಟು ಕಳಚಿದ ಸುದ್ದಿ ಹಿಡಿದು ಸೋಮರ ಬಾಗಿಲಿಗೆ ಹೋದವರು ಈ ಗ್ರಂಥವನ್ನೂ ಓದಲಿ ಎಂಬುದು ನನ್ನ ಆಸೆ. ಅವರಿಗೆ ತಿಳಿಸುವುದಿಷ್ಟೇ: ಹೆಬ್ಬೆಟ್ಟು ಬಿದ್ದಿದೆ, ರಾಜಿಗೆ ನಾವಿಲ್ಲ.