ಅಂಜೂರದ ಚೀಟಿ

ನನ್ನ ಗಂಡ ಮಹಬೂಬ್ ಗಡ್ಡ ಬಿಟ್ಟಿದ್ದರು. ಆದರೂ ಅವರ ಮೇಜಿನ ಮೇಲೆ ಸದಾ ಒಂದು ಶೇವಿಂಗ್ ಬ್ರಷ್ ಇರುತ್ತಿತ್ತು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿ ಗಾಂಧಿನಗರದ ನಮ್ಮ ಮನೆಯೊಳಕ್ಕೂ ಅದಿರಿನ ಕೆಂಪು ಧೂಳು ಬರುತ್ತಿತ್ತು. ಬೆಳಿಗ್ಗೆ ಚಹಾಕ್ಕೆ ಮೊದಲು ಅವರು ಕೀಬೋರ್ಡಿನ ಸಂದಿಗಳನ್ನೆಲ್ಲ ಆ ಬ್ರಷ್ಷಿನಿಂದ ಗುಡಿಸುತ್ತಿದ್ದರು. "ನಿನ್ನ ಗಡ್ಡಕ್ಕಿಲ್ಲದ ಉಪಚಾರ ಇದಕ್ಕ ನೋಡಲೇ" ಎಂದು ನಮ್ಮತ್ತೆ ನಗುತ್ತಿದ್ದರು.

ಲಾರಿ ತೂಗುವ ವೇಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವುದು ಅವರ ಉದ್ಯೋಗ. ಬಿಡುವಿನಲ್ಲಿ ಕಟ್ಟಿದ್ದು ಒಂದು ಪೈಥಾನ್ ಲೈಬ್ರರಿ, ಅಂದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಕೋಡ್. ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ದೊಡ್ಡದೊಂದು ಜಾಲತಾಣವಿದೆ. ಅದರ ಪುಟ ತೆರೆದು ಕೈಯಾರೆ ಒತ್ತುವ ಬದಲು, ಪ್ರೋಗ್ರಾಮೇ ಹೋಗಿ ಕೇಳಿ ಉತ್ತರ ತರುವಂತೆ ಮಾಡುತ್ತಿತ್ತು ಈ ಲೈಬ್ರರಿ. ಬಟ್ಟೆ ಹೊಲಿಯುವ ನನಗೆ ಅವರು ಹೇಳಿದ್ದು ಹೀಗೆ: "ಎಪಿಐ ಅಂದ್ರ ಅವರ ಮನಿ ಬಾಗಿಲಾ. ಕದ ಬಡೀಬೇಕು, ಯಾರಂತ ಹೇಳಬೇಕು, ಬೇಕಾದ್ದು ಕೇಳಬೇಕು. ಮ್ಯಾಲಿಂದ ಮ್ಯಾಲೆ ಬಡದ್ರ ಸಿಟ್ಟಾಗಿ ತಾಸೊತ್ತು ತೆಗಿಯಂಗಿಲ್ಲ. ನನ್ನ ಲೈಬ್ರರಿ ಹೊಸ ಅಳಿಯ ಇದ್ದಂಗ, ಮರ್ಯಾದಿ ಬಿಡಂಗಿಲ್ಲ."

ಆ ತಾಣದಲ್ಲಿ ಮಾಡಬೇಕಾದ ಪ್ರತಿ ಕೆಲಸಕ್ಕೂ ಒಂದು ಚೀಟಿ ತೆರೆಯಬಹುದು. ಕೆಲಸ ಮುಗಿದರೆ ಮುಚ್ಚಬೇಕು. ಲೈಬ್ರರಿ ಇದನ್ನು ಸರಿಯಾಗಿ ಮಾಡುತ್ತದೆಯೇ ಎಂದು ಪರೀಕ್ಷಿಸಲು ಬೇರೆಯವರು ಸುಳ್ಳು ಚೀಟಿಗಳನ್ನು ಬರೆಯುತ್ತಾರಂತೆ. ಇವರು ಮಾತ್ರ ನಾನು ತರಹೇಳಿದ ಸಾಮಾನನ್ನೇ ಬರೆಯುತ್ತಿದ್ದರು. ಸಾಮಾನು ಮನೆಗೆ ಬಂದ ಮೇಲೆಯೇ ಲೈಬ್ರರಿಯಿಂದ ಚೀಟಿ ಮುಚ್ಚಿಸುತ್ತಿದ್ದರು. ಹೀಗೆ ನಮ್ಮ ಮನೆಯ ಸಾಬೂನು, ಸೂಜಿ, ದಾರ ಎಲ್ಲವೂ ಇಂಗ್ಲಿಷಿನಲ್ಲಿ ಜಗತ್ತಿಗೆ ತಿಳಿದಿತ್ತು. 'ಕುರುಗೋಡಿನಿಂದ ಅಂಜೂರ ತರಬೇಕು' ಎಂಬ ಚೀಟಿ ನೋಡಿ ಯಾವುದೋ ದೇಶದ ಯಾನ್ ಎಂಬವನು, "ಈ ತೊಂದರೆ ಲೈಬ್ರರಿಯ ಯಾವ ಆವೃತ್ತಿಯಲ್ಲಿ ಕಾಣಿಸುತ್ತದೆ?" ಎಂದು ಕೇಳಿದ್ದ. "ಪ್ರತಿ ಸೀಜನ್ನಿನಲ್ಲೂ" ಎಂದು ಇವರು ಉತ್ತರಿಸಿದ್ದರು. ಅಂದಿನಿಂದ ಇಬ್ಬರೂ ದೋಸ್ತರು.

ಒಮ್ಮೆ ಆ ತಾಣದವರು ದಿನ ಗೊತ್ತುಮಾಡಿ, ಅಂದು ಹಳೆಯ ಎಪಿಐ ನಿಲ್ಲಿಸಿ ಹೊಸದು ತರುವುದಾಗಿ ಸಾರಿದರು. ಲೈಬ್ರರಿಯನ್ನು ಅಷ್ಟರೊಳಗೆ ಬದಲಿಸದಿದ್ದರೆ ಅದನ್ನು ನೆಚ್ಚಿದವರ ಕೆಲಸವೆಲ್ಲ ನಿಲ್ಲುತ್ತಿತ್ತು. ಇವರು ಊಟ ಮರೆತು ಬದಲಿಸಿದರು. ಕೊನೆಯ ದಿನ ಉಳಿದದ್ದು ಒಂದೇ ಪರೀಕ್ಷೆ, ಚೀಟಿ ಮುಚ್ಚುವುದು. ತೆರೆದಿದ್ದದ್ದು ಅಂಜೂರದ ಚೀಟಿಯೊಂದೇ.

"ಮುಚ್ಚಿಬಿಡ್ರಿ. ಅಂಜೂರ ಬಂದಿಲ್ಲಂತ ನಾನೇನು ಯಾರಿಗೂ ಹೇಳಂಗಿಲ್ಲ" ಎಂದೆ.

"ಬರಲಾರದ್ದು ಬಂತು ಅಂತ ಹೆಂಗ ಬರೀಲಿ ಶಾಹಿದಾ? ಹೊಸ ಲೈಬ್ರರಿಗೆ ಮೊದಲ ದಿನಾನ ಸುಳ್ಳು ಕಲಿಸಲೇನು?"

"ಹಂಗಾರ ಹೋಗ್ರಿ ಕುರುಗೋಡಿಗೆ!" ಎಂದು ಸಿಟ್ಟಿನಿಂದ ಅಂದೆ. ಅವರು ನಿಜವಾಗಿಯೂ ಸ್ಕೂಟರ್ ಹತ್ತಿದರು!

ಸಾಲುಗಟ್ಟಿದ ಅದಿರಿನ ಲಾರಿಗಳ ನಡುವೆ ನುಸುಳಿ ಸಂಜೆ ಮರಳಿದಾಗ ಗಡ್ಡ, ಹುಬ್ಬು, ಅಂಗಿ ಎಲ್ಲ ಕೆಂಪು. ಕೈಯಲ್ಲಿ ಅಂಜೂರದ ಪೊಟ್ಟಣ. "ಈಗ ನಿನ್ನ ಮಾರಿಗೂ ಬ್ರಷ್ ಹಚ್ಚಬೇಕಲೇ" ಎಂದರು ಅತ್ತೆ. ಕೈ ತೊಳೆದು ಕುಳಿತು ಚೀಟಿ ಮುಚ್ಚಿಸಿದರು. ಮುಚ್ಚಿತು. ಹೊಸ ಆವೃತ್ತಿ ಕಳಿಸಿ, ಒಂದು ಹಣ್ಣು ಬಿಡಿಸಿ ಮೊದಲು ನನಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಯಾನ್ ಬರೆದ: "ಎಲ್ಲ ನಡೆಯುತ್ತಿದೆ. ಅಂಜೂರ ಹೇಗಿತ್ತು?"

ಆಮೇಲೆ ಲಾರಿಗಳು ಕಡಿಮೆಯಾದವು, ಧೂಳೂ ಕಡಿಮೆಯಾಯಿತು. ಆ ವರ್ಷಗಳಲ್ಲಿ ಶುರುವಾಗಿದ್ದ ಅವರ ಎದೆಬೇನೆ ಮಾತ್ರ ಹೆಚ್ಚಿತು. ಆಸ್ಪತ್ರೆಗೆ ಹೋಗುವ ಮೊದಲು ಲೈಬ್ರರಿಯನ್ನು ಯಾನ್‌ಗೆ ಒಪ್ಪಿಸಿ, ಒಂದು ಹೊಸ ಚೀಟಿ ತೆರೆದರು: 'ರಾರಾವಿಯ ಹೊಳೆ ನೋಡಲು ನಾನೂ ಶಾಹಿದಾನೂ ಹೋಗಬೇಕು.' ಮದುವೆಯಾದಾಗಿನಿಂದ ಕರೆದೊಯ್ಯಿರೆಂದು ನಾನು ಕೇಳುತ್ತಿದ್ದ ಊರು ಅದು. "ಬಂದ ಮ್ಯಾಲೆ ಇದನ್ನ ನೀನ ಮುಚ್ಚು" ಎಂದಿದ್ದರು. ಅವರು ಆಸ್ಪತ್ರೆಯಿಂದ ಬರಲಿಲ್ಲ.

ಈ ವರ್ಷ ಸಿರುಗುಪ್ಪದ ಬಸ್ಸು ಹಿಡಿದು ನಾನೊಬ್ಬಳೇ ರಾರಾವಿಗೆ ಹೋಗಿ ಬಂದೆ. ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಅವರಿದ್ದಿದ್ದರೆ ಪ್ಯಾಂಟು ಮಡಿಚಿ ಇಳಿದೇ ಬಿಡುತ್ತಿದ್ದರು ಎನ್ನಿಸಿ ನಗು ಬಂತು. ಮನೆಗೆ ಬಂದು ಬ್ರಷ್ಷಿನಿಂದ ಕೀಬೋರ್ಡ್ ಗುಡಿಸಿ ತಾಣ ತೆರೆದೆ. ಹಳೆಯ ಚೀಟಿಗಳನ್ನು ತೆರವು ಮಾಡುತ್ತಿದ್ದ ಯಾನ್ ರಾರಾವಿಯ ಚೀಟಿಯ ಕೆಳಗೆ ಮೆತ್ತಗೆ ಕೇಳಿದ್ದ: "ಇದನ್ನು ಮುಚ್ಚಬಹುದೇ?"

ನಾನು, ಅವರು ಇಬ್ಬರೂ ಹೋಗಬೇಕು ಎಂದಿತ್ತು. ಹೋದವಳು ನಾನೊಬ್ಬಳೇ.

"ಬೇಡ, ತೆರೆದೇ ಇರಲಿ" ಎಂದು ಬರೆದೆ.