ಒಸಿ ಕಿವಿಗಿಟ್ಕೊಂಡು ಮಾತಾಡಪ್ಪಾ

ಅವನು ಫೋನನ್ನು ಕಿವಿಗೆ ಹಿಡಿದಿರಲಿಲ್ಲ. ಅಂಗೈ ಮೇಲೆ ಅಡ್ಡಡ್ಡ ಮಲಗಿಸಿ, ಬಾಯಿಯ ಮುಂದೆ ತಂದು, ಇಡೀ ಒಬ್ಬಟ್ಟನ್ನು ಮುರಿಯದೆ ತಿನ್ನಲು ಹೊರಟವನ ಹಾಗೆ ಹಿಡಿದಿದ್ದ.

ರಾಮನಗರದಿಂದ ಕೈಲಾಂಚದ ಮೇಲೆ ಮುಂದಿನ ಹಳ್ಳಿಗಳಿಗೆ ಹೋಗುವ ಬಸ್ಸು ಅದು. ನಾನು ಹೊರಟಿದ್ದು ಕೈಲಾಂಚದ ಒಂದು ಬೀಗರೂಟಕ್ಕೆ. ಬೀಗರೂಟಕ್ಕೆ ಹೊರಟ ಮನುಷ್ಯನ ಮನಸ್ಸು ಪ್ರಸನ್ನವಾಗಿರಬೇಕು, ನನ್ನದಾಗಿರಲಿಲ್ಲ. ಬಸ್ಸು ತಡವಾಗಿತ್ತು. (ಮೊದಲ ಪಂಕ್ತಿಯವನ ಎಲೆಯಲ್ಲಿ ಮಾಂಸವಿರುತ್ತದೆ. ಮೂರನೇ ಪಂಕ್ತಿಯವನ ಸಾರಿನಲ್ಲಿ ಮಾಂಸದ ನೆನಪಿರುತ್ತದೆ. ಇದು ಅನುಭವದ ಮಾತು.)

ಸಾಲದ್ದಕ್ಕೆ ಆ ಬಸ್ಸಿನಲ್ಲಿ ನಮ್ಮ ನಾಡಿನ ಸಕಲ ಸಾರ್ವಜನಿಕ ಸದ್ಗುಣಗಳೂ ಟಿಕೆಟ್ ಪಡೆದು ಕೂತಿದ್ದವು. ಕಿಟಕಿ ಪಕ್ಕದ ಒಬ್ಬರು ಕಡಲೆಕಾಯಿ ತಿಂದು ಸಿಪ್ಪೆಯನ್ನು ನನ್ನ ಚಪ್ಪಲಿಗೆ ನೈವೇದ್ಯ ಮಾಡುತ್ತಿದ್ದರು. ನನ್ನ ಜೊತೆ ಕೂತಿದ್ದ, ಹೆಗಲ ಮೇಲೆ ಕಂಬಳಿ ಹೊತ್ತ ಕುರಿ ಸಾಕುವ ಗೌಡರು ಎರಡೂ ಮಂಡಿಗಳನ್ನು ದಿಕ್ಕಿಗೊಂದರಂತೆ ಕಳುಹಿಸಿ, ಮೂರು ಜನರ ಸೀಟಿನಲ್ಲಿ ಎರಡು ಜನರ ಜಾಗ ಆಳುತ್ತಿದ್ದರು. ಹಿಂದಿನ ಸೀಟಿನ ಕಾಲೇಜು ಹುಡುಗರು ರೀಲ್ಸ್ ನೋಡುತ್ತಿದ್ದರು. ನೋಡಲಿ, ಬೇಡವೆನ್ನಲು ನಾನ್ಯಾರು? ಆದರೆ ಒಂದು ಹಾಡನ್ನಾದರೂ ಪೂರ್ತಿ ಕೇಳಿಸಬಾರದೇ? ಪಲ್ಲವಿಯ ಅರ್ಧಕ್ಕೇ ಕತ್ತು ಹಿಸುಕಿ ಮುಂದಿನ ಹಾಡಿಗೆ ಹೋಗುವುದು ಯಾವ ಬಗೆಯ ರಸಿಕತೆ?

ಇವರೆಲ್ಲರ ನಡುವೆ ಚಕ್ರವರ್ತಿಯಂತೆ, ನನ್ನ ಮುಂದಿನ ಸೀಟಿನಲ್ಲಿ ನಮ್ಮ ಒಬ್ಬಟ್ಟಿನ ಮಹಾಶಯ. ಹೆಸರು ಶಿವಣ್ಣ. (ನಾನು ಕೇಳಲಿಲ್ಲ. ಅವನಿಗೆ ಫೋನ್ ಮಾಡಿದವರೆಲ್ಲ ಕೂಗಿ ಹೇಳಿದರು.) ಬೆಳಿಗ್ಗೆ ಮಾರುಕಟ್ಟೆಗೆ ರೇಷ್ಮೆಗೂಡು ತಂದು ಮಾರಿ, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಊರಿಗೆ ಹಿಂದಿರುಗುತ್ತಿದ್ದ. ಬಸ್ ಸ್ಟ್ಯಾಂಡ್ ಬಿಟ್ಟಾಗಿನಿಂದ ಅವನ ಫೋನಿನ ಸ್ಪೀಕರ್ ಆಫ್ ಆಗಿರಲಿಲ್ಲ. ಭಾವಮೈದುನ ಗೂಡಿನ ರೇಟು ಕೇಳಿದ. ಯಾರೋ ನೀರಿನ ಸರದಿಯ ವಿಷಯಕ್ಕೆ ಬೈದರು. ಒಬ್ಬ ಅತ್ತಿಗೆ ತನ್ನ ಮಂಡಿನೋವನ್ನೂ ಅದಕ್ಕೆ ತನ್ನ ಸೊಸೆಯೇ ಕಾರಣವೆಂಬುದನ್ನೂ ವಿವರವಾಗಿ ಹೇಳಿದಳು. ತನ್ನ ಮಂಡಿಯ ಕುರಿತು ಒಂದು ಬಸ್ಸಿನಷ್ಟು ಜನ ಚಿಂತಿಸುತ್ತಿದ್ದಾರೆಂದು ಆ ತಾಯಿಗೆ ಗೊತ್ತಿತ್ತೇ?

ನಾನು ಹಳೆಯ ಕಾಲದವನು. ನಮ್ಮ ಕಾಲದಲ್ಲಿ ಫೋನು ಗೋಡೆ ಪಕ್ಕ ಕಟ್ಟಿಹಾಕಿದ ಪ್ರಾಣಿಯಾಗಿತ್ತು. ಅದರ ಹತ್ತಿರ ನಾವೇ ಹೋಗುತ್ತಿದ್ದೆವು, ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆವು. ಈಗ ಅದನ್ನು ಬಿಚ್ಚಿಬಿಟ್ಟಿದ್ದಾರೆ, ಊರೆಲ್ಲ ಮೇಯುತ್ತಿದೆ. ಹಾಗೆ ನೋಡಿದರೆ, ನಮ್ಮ ಸೀಮೆಯವರಿಗೆ ಫೋನು ಕೊಟ್ಟಿದ್ದೇ ದಂಡ. ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲುಗಳು ಇವು. ಕೈಲಾಂಚದಲ್ಲಿ ನಿಂತು ಬಾಯಿ ತೆರೆದರೆ ರಾಮನಗರಕ್ಕೆ ನೇರವಾಗಿ ತಲುಪುತ್ತಿತ್ತು.

ನಾನು ಜಗಳಗಂಟನಲ್ಲ. (ಈ ಬಗ್ಗೆ ನಮ್ಮ ಮನೆಯವರ ಅಭಿಪ್ರಾಯ ಕೇಳಬೇಡಿ.) ಮೊದಲು ಕೆಮ್ಮಿದೆ. ಆಮೇಲೆ ನಿಟ್ಟುಸಿರು ಬಿಟ್ಟೆ. ಎರಡೂ ಸ್ಪೀಕರಿನ ಮುಂದೆ ಸೋತವು. ಕೊನೆಗೆ ಬೆನ್ನು ತಟ್ಟಿದೆ.

"ಏನಪ್ಪಾ, ಒಸಿ ಕಿವಿಗಿಟ್ಕೊಂಡು ಮಾತಾಡಬಾರದಾ?"

"ಕಿವಿಗಿಟ್ಕಂಡ್ರೆ ಬಿಸಿ ಆಯ್ತದೆ ಸಾ. ತಲೆಗೂ ಒಳ್ಳೇದಲ್ವಂತೆ."

"ನಿನ್ನ ತಲೆ ಉಳಿಸ್ಕೊಳ್ಳೋಕೆ ನಮ್ಮೆಲ್ಲರ ತಲೆ ತಿಂದರೆ ಹೇಗಯ್ಯ?"

ಅವನು ನಕ್ಕ. ಒಳ್ಳೆಯ ಮನುಷ್ಯ, ಒಪ್ಪಿಕೊಂಡ. "ಆಯ್ತು ಬುಡಿ ಸಾ, ತಪ್ಪಾಯ್ತು" ಎಂದು ಸ್ಪೀಕರ್ ಆಫ್ ಮಾಡಿದ. ನಾನು ಸೀಟಿಗೊರಗಿ ಕೂತೆ. ಒಂದು ನಾಗರಿಕತೆಯನ್ನು ಒಬ್ಬನೇ ಎತ್ತಿ ನಿಲ್ಲಿಸಿದ ಆಯಾಸ, ಆನಂದ ಎರಡೂ ಮುಖದಲ್ಲಿ ಇದ್ದಿರಬೇಕು.

ಫೋನು ಮತ್ತೆ ಬಂತು. ಕೊಟ್ಟ ಮಾತಿನಂತೆ ಶಿವಣ್ಣ ಕಿವಿಗಿಟ್ಟುಕೊಂಡ.

"ಹ್ಞೂಂ ಭಾಗ್ಯ, ಹೇಳು... ಯಾವಾಗ?... ನೀರ್ ಬಂದು ಎಷ್ಟೊತ್ತಾಯ್ತು?... ಒಂದೇ ಕಾಲಾ?... ಡಾಕ್ಟ್ರು?... ಅಯ್ಯೋ ದೇವ್ರೇ."

ಬಸ್ಸಿನ ಮುಕ್ಕಾಲು ಭಾಗ ತಲೆ ಎತ್ತಿತು. ಪೂರ್ತಿ ಮಾತು ಕೇಳಿಸುವುದು ಹಿಂಸೆ, ನಿಜ. ಅರ್ಧ ಮಾತು ಕೇಳಿಸುವುದಿದೆಯಲ್ಲ, ಅದು ಮಹಾಹಿಂಸೆ.

ಶಿವಣ್ಣನ ಮುಂದಿನ ಸೀಟಿನಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಅಜ್ಜಿ ತಿರುಗಿ, "ಏನ್ಲಾ ಮಗ, ಯಾರ್ಗೆ ಏನಾಯ್ತು?" ಎಂದಳು.

"ಹಸ ಕಣಜ್ಜಿ. ಮೊದಲ್ನೇ ಕರ. ಒಂದು ಮುಂಗಾಲು ಮಾತ್ರ ಕಾಣ್ತೈತಂತೆ, ಇನ್ನೊಂದು ಬತ್ತಾ ಇಲ್ವಂತೆ. ಡಾಕ್ಟ್ರು ಇನ್ನೊಂದೂರ್ನಾಗೆ ಇನ್ನೊಂದು ಹಸ ನೋಡ್ತಾವ್ರಂತೆ. ಅಕ್ಕಪಕ್ಕದೋರೆಲ್ಲ ಕೈಲಾಂಚಕ್ಕೆ ಬೀಗರೂಟಕ್ಕೆ ಹೋಗವ್ರೆ. ನಮ್ಮನೆಯವ್ಳೊಬ್ಳೇ ಅವ್ಳೆ."

ಶಿವಣ್ಣನ ಮುಖ ಬಾಡಿತ್ತು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಹಸುವೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರು ಅಡ್ಡ ಸಿಕ್ಕಿಕೊಂಡರೆ ಕರುವೂ ಹೋಗುತ್ತದೆ, ಹಸುವೂ ಹೋಗುತ್ತದೆ.

"ಒಂದೇ ಕಾಲಾ? ಎಳೀಬ್ಯಾಡ ಅನ್ಲಾ!" ಅಜ್ಜಿ ಕೂಗಿದಳು.

"ಎಳಿ ಅಂತಾವ್ರೆ ಕಣೆ!" ಗಾಬರಿಯಲ್ಲಿ ಶಿವಣ್ಣ ಫೋನಿಗೆ ಹೇಳಿದ.

"ಎಳೀಬ್ಯಾಡ ಅಂದಿದ್ದು ಕಣ್ಲಾ ಮುಂಡೇದೆ!"

ಆಗ ನನ್ನ ಪಕ್ಕದ ಕುರಿಗೌಡರು ಎದ್ದು ನಿಂತು ಗುಡುಗಿದರು. "ಲೇ, ಸ್ಪೀಕರ್ ಹಾಕ್ಲಾ!"

"ಈ ಯಜಮಾನ್ರು ಬ್ಯಾಡ ಅಂದವ್ರೆ" ಎಂದ ಶಿವಣ್ಣ, ನನ್ನ ಕಡೆ ಬೆರಳು ಮಾಡಿ.

ಇಡೀ ಬಸ್ಸು ನನ್ನನ್ನು ನೋಡಿತು. ಕಂಡಕ್ಟರ್ ನೋಡಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಗೋಹತ್ಯೆಯ ಪಾಪವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ, ಕೂತಲ್ಲೇ ಸಂಪಾದಿಸಿದವನು ನನ್ನ ವಂಶದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

"ಹಾಕಪ್ಪಾ, ಹಾಕು" ಎಂದೆ. ನಾಗರಿಕತೆಯನ್ನು ಕೆಳಗಿಳಿಸಿದೆ.

ಸ್ಪೀಕರ್ ಆನ್ ಆಯಿತು. ಹಸುವಿನ ನರಳಾಟ ಬಸ್ಸಿನ ತುಂಬ ಹರಡಿತು. ಕುರಿಗೌಡರು ಹಿಂದಕ್ಕೆ ತಿರುಗಿ, "ಏಯ್, ಆಫ್ ಮಾಡ್ರಲಾ ಅದ್ನ!" ಎಂದರು. ರೀಲ್ಸ್ ಸತ್ತುಬಿದ್ದವು. ಕಡಲೆಕಾಯಿ ನಿಂತಿತು. ನನ್ನ ಜೀವಮಾನದಲ್ಲಿ ಬಸ್ಸೊಂದು ಮೌನವಾಗಿದ್ದನ್ನು ನಾನು ಕಂಡದ್ದು ಆಗಲೇ.

ಮೌನ ಬಹಳ ಹೊತ್ತು ಬಾಳಲಿಲ್ಲ. ಎಲ್ಲರೂ ಒಟ್ಟಿಗೆ ಸಲಹೆ ಕೊಡತೊಡಗಿದರು. ಬಿಸಿನೀರು ಕುಡಿಸು, ಎಬ್ಬಿಸಿ ನಿಲ್ಲಿಸು, ಹಗ್ಗ ಕಟ್ಟು, ದೇವರಿಗೆ ಮುಡಿಪು ಕಟ್ಟು. "ಕುರಿಗಾದ್ರೆ ನಾನು ಹಿಂಗಾಲು ಎತ್ತಿ..." ಎಂದು ಗೌಡರು ಶುರು ಮಾಡಿದರು. "ನಿನ್ ಕುರಿ ಅತ್ಲಾಗಿಕ್ಕು, ಇದು ಸೀಮೆಹಸ" ಎಂದಳು ಅಜ್ಜಿ. ನಾನೂ ಸುಮ್ಮನಿರಲಾರದೆ ಬಗ್ಗಿ, "ಧೈರ್ಯವಾಗಿರಮ್ಮಾ" ಎಂದೆ.

"ಯಾರ್ರೀ ಅದು?" ಫೋನಿನೊಳಗಿನಿಂದ ಭಾಗ್ಯ ಹರಿಹಾಯ್ದಳು. "ಗಂಡಸ್ರೆಲ್ಲ ಒಸಿ ಬಾಯಿ ಮುಚ್ಕಳಿ! ಫೋನ್ನ ಗೋದಲಿ ಮ್ಯಾಲೆ ಮಡಗಿವ್ನಿ, ಒಂದೂ ತಿಳೀತಿಲ್ಲ. ಆ ಅಜ್ಜಿ ಒಬ್ರೇ ಮಾತಾಡ್ಲಿ."

ಮುಚ್ಚಿಕೊಂಡೆವು.

ಅಷ್ಟರಲ್ಲಿ ಕಂಡಕ್ಟರ್‌ಗೆ ಭೂಗೋಳ ನೆನಪಾಯಿತು. "ಮುಂದೆ ಬಂಡೆ ತಿರುವ್ನಾಗೆ ಸಿಗ್ನಲ್ ಹೋಯ್ತದೆ ಕಣ್ರಪ್ಪಾ!" ಬಸ್ಸು ಓಡಿದರೆ ಮಾತು ಕಡಿಯುತ್ತದೆ. ನಿಂತರೆ ಗಂಡ ಮನೆ ತಲುಪುವುದಿಲ್ಲ. ಯಾವುದು ಮೇಲು? ಇಂಥ ಧರ್ಮಸಂಕಟ ನಮ್ಮ ಬಸ್ಸಿಗೆ ಹಿಂದೆ ಬಂದಿರಲಿಲ್ಲ.

"ಏನ್ಮಾಡ್ಲಿ ಭಾಗ್ಯ, ಬರ್ಲಾ, ನಿಂತ್ಕಳ್ಳಾ?" ಶಿವಣ್ಣ ಕೇಳಿದ.

"ನೀವ್ ಬಂದು ಏನ್ ಕಿಸೀತೀರಾ? ಅಲ್ಲೇ ನಿಂತ್ಕಳಿ!"

ಡ್ರೈವರ್ ಹುಣಸೆಮರದ ಕೆಳಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಹಿಂದಿನಿಂದ ಬಂದ ಬೈಕಿನವನೊಬ್ಬ ಹಾರನ್ ಹೊಡೆದು ಹೊಡೆದು ಕಿಟಕಿ ಪಕ್ಕ ಬಂದು, "ಏನ್ ಆಕ್ಸಿಡೆಂಟಾ?" ಎಂದ. "ಹೆರಿಗೆ, ಹಾರನ್ ಹೊಡೀಬ್ಯಾಡ" ಎಂದ ಕಂಡಕ್ಟರ್. ಅವನು ಬೈಕ್ ಸ್ಟ್ಯಾಂಡ್ ಹಾಕಿ ಬಸ್ಸು ಹತ್ತಿಬಿಟ್ಟ.

ಅಜ್ಜಿ ಎಲೆಅಡಿಕೆ ಉಗಿದು (ಕಿಟಕಿಯಿಂದ, ಬೈಕಿನ ಮೇಲೆ, ಆ ಹೊತ್ತಿನಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ?) ಫೋನಿನ ಹತ್ತಿರ ಬಾಗಿದಳು.

"ಸೋಪ್ ಹಾಕಿ ಕೈ ತೊಳ್ಕಂಡ್ಯಾ? ಮೊಳಕೈಗಂಟ ಎಣ್ಣೆ ಸವರ್ಕೊ. ಹಸ ತಿಣುಕಿ ಮುಕ್ಕೋದು ನಿಂತಾಗ ಕರಾನ ಒಸಿ ಒಳಿಕ್ಕೆ ತಳ್ಳವ್ವ. ಮಡಚ್ಕಂಡಿರೋ ಕಾಲು ಸಿಗ್ತದೆ. ಗೊರಸ್ನ ಅಂಗೈನಾಗೆ ಮುಚ್ಕಂಡು ಮೆತ್ತಗೆ ಮುಂದ್ಕೆ ತಕ್ಕೊ."

"ಸಿಗ್ತಿಲ್ಲ ಅಜ್ಜಿ."

"ಸಿಗ್ತದೆ. ಹುಡುಕು."

ಹಸು ಒಮ್ಮೆ ಕೂಗಿತು. ಕುರಿಗೌಡರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

"ಸಿಕ್ತು! ಬಂತು, ಎರಡೂ ಬಂತು! ಮೂತಿನೂ ಕಾಣ್ತೈತೆ!"

"ಈಗ ಎಳಿ. ಅದು ಮುಕ್ಕಿದಾಗ ಎಳಿ, ಕೆಳಮುಖಕ್ಕೆ!"

ದೊಪ್ಪನೆ ಏನೋ ಬಿದ್ದ ಸದ್ದು.

"ಭಾಗ್ಯ? ಏಯ್ ಭಾಗ್ಯ?"

"ಉಸಿರಾಡ್ತಿಲ್ಲ ಕಣ್ರೀ."

"ಮೂಗು ಬಾಯಿ ಒರ್ಸು! ಮೂಗ್ನಾಗೆ ಹುಲ್ಕಡ್ಡಿ ಆಡ್ಸು!" ಈ ಸಲ ಅಜ್ಜಿಯೊಬ್ಬಳೇ ಅಲ್ಲ, ಬಸ್ಸಿನ ಅರ್ಧ ಜನ ಕೂಗಿದರು. ಕೂಗಿ, ಒಟ್ಟಿಗೆ ಫೋನಿನ ಕಡೆ ಬಾಗಿದರು.

ಕೊನೆಗೆ ಆ ಪುಟ್ಟ ಫೋನಿನೊಳಗಿನಿಂದ ಒಂದು ಒದ್ದೆ ಸೀನು ಹೊರಟಿತು.

ನಾನು ಎಷ್ಟೋ ಸಂಗೀತ ಕಛೇರಿಗಳಲ್ಲಿ ಕೂತಿದ್ದೇನೆ. ಅಂಥ ಚಪ್ಪಾಳೆ ಕೇಳಿಲ್ಲ. ಕಾಲೇಜು ಹುಡುಗರು ಸಿಳ್ಳೆ ಹೊಡೆದರು. "ಹೆಣ್ಣೋ ಗಂಡೋ?" ಎಂದು ಬಸ್ಸು ಒಕ್ಕೊರಲಿನಲ್ಲಿ ಕೇಳಿತು. "ಹೆಣ್ಗರ!" ಎಂದಳು ಭಾಗ್ಯ. ಮತ್ತೊಂದು ಸುತ್ತು ಚಪ್ಪಾಳೆ. ಕುರಿಗೌಡರು ಆಗ ನನ್ನ ಕೈ ಬಿಟ್ಟರು. ಬೈಕಿನವನು ಇಳಿದುಹೋಗಿ ತನ್ನ ಸೀಟಿನ ಮೇಲೆ ಬಿದ್ದಿದ್ದ ಕೆಂಪನ್ನು ನೋಡಿದ, ಕರ್ಚೀಫು ತೆಗೆದು ಒರೆಸಿಕೊಂಡ.

ಡ್ರೈವರ್ ಎಂಜಿನ್ ಆನ್ ಮಾಡುವ ಹೊತ್ತಿಗೆ ಭಾಗ್ಯಳ ಗದರುವ ದನಿ ಯಾಕೋ ಸಣ್ಣದಾಯಿತು. "ರೀ... ನನ್ಗೆ ಎಂಗಾಗೋಗಿತ್ತು ಗೊತ್ತಾ? ನೀವು..."

ಅಷ್ಟರಲ್ಲಿ ಶಿವಣ್ಣ ಸ್ಪೀಕರ್ ಆಫ್ ಮಾಡಿದ. ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಿಟಕಿಯ ಕಡೆ ತಿರುಗಿ, ಕೈ ಅಡ್ಡ ಇಟ್ಟುಕೊಂಡು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡತೊಡಗಿದ. ಥೇಟು ನಮ್ಮ ಕಾಲದವರ ಹಾಗೆ.

ಅಜ್ಜಿ ಕತ್ತು ಚಾಚಿದಳು, ಪ್ರಯೋಜನವಾಗಲಿಲ್ಲ. ಕುರಿಗೌಡರು ನನ್ನ ಮುಖ ನೋಡಿದರು. ನಾನು ಕೆಮ್ಮಿದೆ. ನಿಟ್ಟುಸಿರನ್ನೂ ಬಿಟ್ಟೆ. ಅವನು ತಿರುಗಲಿಲ್ಲ.

ಓದುಗರೇ, ನೀವೇ ಹೇಳಿ: ಇಡೀ ಬಸ್ಸು ಸೇರಿ ಹೆರಿಗೆ ಮಾಡಿಸಿದ ಮೇಲೆ, ಕೊನೆಯ ನಾಲ್ಕು ಮಾತನ್ನು ಮಾತ್ರ ಒಬ್ಬನೇ ಕಿವಿಗಿಟ್ಟುಕೊಂಡು ಕೇಳುವುದು ಯಾವ ಊರಿನ ಮರ್ಯಾದೆ?